ಕೆಂಪು ಗೀಟಿನ ಕಟ್ಟಡ

ರಸ್ತೆಯ ನಕ್ಷೆ ಮಾಡುವವರು ಸಾಮಾನ್ಯವಾಗಿ ರಸ್ತೆಗೆ ಇಳಿಯುವುದಿಲ್ಲ. ಫ್ಯಾನಿನ ಕೆಳಗೆ ಕೂತು ಗೆರೆ ಎಳೆಯುತ್ತಾರೆ, ಬಿಸಿಲಿಗೆ ಬೇರೆಯವರನ್ನು ಕಳಿಸುತ್ತಾರೆ. ಇವಳು ಹಾಗಲ್ಲ. ತಾನು ಎಳೆದ ಗೆರೆ ನೆಲದ ಮೇಲೆ ಹೇಗೆ ಕಾಣುತ್ತದೆಂದು ನೋಡದ ಹೊರತು ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ವಾಹನಗಳು ಕಡಿಮೆ ಇರುವ ಹೊತ್ತು ನೋಡಿಕೊಂಡು, ತಲೆಗೊಂದು ಹಳದಿ ಟೋಪಿ ಏರಿಸಿ, ಬಿಳಿ ಬಣ್ಣದ ಡಬ್ಬಿ ಹಿಡಿದು, ಟಾರಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಚುಕ್ಕೆ ಇಡುತ್ತ ಹೋಗುವಳು. ರಸ್ತೆಬದಿಯ ಅಂಗಡಿಯವರು ಮೊದಮೊದಲು ನಕ್ಕರು, ಆಮೇಲೆ ‘ಗೆರೆಯಕ್ಕ’ ಎಂದು ಹೆಸರಿಟ್ಟರು. ಆ ಹೆಸರು ರಸ್ತೆ ದಾಟಿ, ಗೇಟು ದಾಟಿ, ಅವಳ ಕಚೇರಿಯೊಳಕ್ಕೂ ಬಂದು ಕೂತಿತು.

ಕಚೇರಿ ಎಂದರೆ ಹೆದ್ದಾರಿ ಕಚೇರಿ. ಎರಡು ಮಹಡಿ, ಉದ್ದನೆಯ ಕಿಟಕಿಗಳು, ಮುಂದೊಂದು ಕಾಂಪೌಂಡು. ಎದುರಿಗೆ ಹೆದ್ದಾರಿ. ಹೆದ್ದಾರಿಯ ಆಚೆ ಬದಿಗೆ ಒಂದು ಸಾಲು ಅಂಗಡಿಗಳು. ಅದರಲ್ಲಿ ಒಂದು ಅವಳ ಅಪ್ಪ ತೆರೆದ, ಕಬ್ಬಿಣ ಕಡೆಯುವ ಲೇತ್ ಅಂಗಡಿ. ಗೆರೆಯಕ್ಕ ಹುಟ್ಟಿದ್ದು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಓದು ಕಲಿತದ್ದು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ, ಕೆಲಸಕ್ಕೆ ಸೇರಿದ್ದು ಸ್ಟೂಲಿನಿಂದ ಕಾಣುತ್ತಿದ್ದ ಕಚೇರಿಗೆ. ಅಷ್ಟೆಲ್ಲ ಓದಿ ಅವಳು ಬದುಕಿನಲ್ಲಿ ದಾಟಿದ್ದು ಒಂದೇ ಒಂದು ರಸ್ತೆ ಎಂದು ಅಣ್ಣ ತಮಾಷೆ ಮಾಡುತ್ತಿದ್ದ.

ಅಪ್ಪ ಹೋದಮೇಲೆ ಅಂಗಡಿ ಅಣ್ಣನದಾಯಿತು. ಅಂಗಡಿಯ ಮಧ್ಯದಲ್ಲಿ ದೊಡ್ಡ ಲೇತ್ ಮಿಷನ್ನು, ಕಾಂಕ್ರೀಟಿನ ಪೀಠದ ಮೇಲೆ ಬೋಲ್ಟು ಬಿಗಿದು ಕೂರಿಸಿದ್ದು. ಅದನ್ನು ಕೂರಿಸಿದ ದಿನ ಗೆರೆಯಕ್ಕನಿಗೆ ಚೆನ್ನಾಗಿ ನೆನಪಿದೆ. ಅಪ್ಪ ರಸಮಟ್ಟವನ್ನು ಮಿಷನ್ನಿನ ಮೈಮೇಲೆ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಇಟ್ಟು, ಗಾಜಿನೊಳಗಿನ ಗುಳ್ಳೆ ನಡುವಿಗೆ ಬರುವ ತನಕ ಕೆಳಗೆ ತಗಡಿನ ಚೂರು ತುರುಕುತ್ತ, ತೆಗೆಯುತ್ತ, ಮತ್ತೆ ತುರುಕುತ್ತ ಇಡೀ ಹಗಲು ಕಳೆದಿದ್ದ. ಊಟಕ್ಕೆ ಕರೆದರೂ ಏಳಲಿಲ್ಲ. “ಮಟ್ಟ ಸರಿ ಇಲ್ಲದ ಮಿಷನ್ನು ಇಡೀ ಜೀವಮಾನ ಸುಳ್ಳು ಹೇಳತ್ತೆ ಮಗಳೇ” ಅಂದಿದ್ದ. ಆಮೇಲೆ ಆ ಮಿಷನ್ನು ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ. ಗೆರೆಯಕ್ಕನೂ ಹಾಗೆಯೇ. ಕಚೇರಿಯಲ್ಲಿ ಯಾರ ಮುಲಾಜಿಗೂ ಬಗ್ಗದವಳು ಎಂದು ಅವಳಿಗೆ ಹೆಸರು, ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಸ್ವಲ್ಪ ಜಂಬ.

ಆ ಜಂಬವೇ ಅವಳ ಕೈ ಹಿಡಿದು ತಪ್ಪು ಗೆರೆ ಎಳೆಸಿತು. ಅದು ಹೇಗೆಂದು ಹೇಳಬೇಕಾದರೆ ಮೊದಲು ಕಚೇರಿಯ ಎದುರಿನ ತಿರುವಿನ ವಿಷಯ ಹೇಳಬೇಕು.

ಆಸ್ಪತ್ರೆಯ ಕಡೆಯಿಂದ ಬಾಣದ ಹಾಗೆ ಬರುವ ಹೆದ್ದಾರಿ, ಕಚೇರಿಯ ಹತ್ತಿರ ಬರುತ್ತಲೇ ಬಲಕ್ಕೆ ಹೊರಳಿ ಅಂಗಡಿಗಳ ಕಡೆ ಉಬ್ಬಿಕೊಂಡು, ಕಾಂಪೌಂಡು ಬಳಸಿ ಎಡಕ್ಕೆ ಹೊರಳಿ, ಆಮೇಲೆ ಮಾರುಕಟ್ಟೆಯ ಕಡೆ ಮತ್ತೆ ನೆಟ್ಟಗಾಗುತ್ತಿತ್ತು. ತುಂಬಿದ ಲಾರಿಗಳು ಬಲಕ್ಕೆ ತಿರುಗಿ, ಸಾವರಿಸಿಕೊಳ್ಳುವಷ್ಟರಲ್ಲಿ ಎಡಕ್ಕೆ ತಿರುಗಬೇಕು. ಸಾವರಿಸಿಕೊಳ್ಳದವು ಮಗುಚುತ್ತಿದ್ದವು. ಆಸ್ಪತ್ರೆಯ ನರ್ಸ್ ಒಬ್ಬಳು ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಹಾಗೆ ಮಗುಚಿದ ಲಾರಿಯ ಅಡಿಗೆ ಸಿಕ್ಕಿ ಸತ್ತಳು. ಸತ್ತವಳ ವಯಸ್ಸು ಚಿಕ್ಕದು, ಗಲಾಟೆ ದೊಡ್ಡದಾಯಿತು, ಸರ್ಕಾರಕ್ಕೆ ಎಚ್ಚರವಾಯಿತು. ಹೆದ್ದಾರಿಯ ದಾರಿ ತಿದ್ದಬೇಕು, ಅಲ್ಲೇ ಮುಂದೆ ನಾಲ್ಕು ರಸ್ತೆ ಸೇರುವ ಕಡೆ ಮೇಲ್ಸೇತುವೆ ಕಟ್ಟಬೇಕು ಎಂದು ಆದೇಶ ಬಂತು. ಗೆರೆ ಎಳೆಯುವ ಕೆಲಸ ಗೆರೆಯಕ್ಕನ ಪಾಲಿಗೆ ಬಂತು.

ಅವಳು ನಕ್ಷೆ ತೆರೆದಳು. ಆ ಕಚೇರಿಯಲ್ಲೊಂದು ಹಳೆಯ ಪದ್ಧತಿ: ಯಾವುದನ್ನು ಮುಟ್ಟಬಾರದೋ ಅದರ ಮೇಲೆ ಕೆಂಪು ಅಡ್ಡಗೀಟು. ಆಸ್ಪತ್ರೆಗೆ ಕೆಂಪು ಗೀಟು, ಶಾಲೆಗೆ ಕೆಂಪು ಗೀಟು, ಊರಿಗೆಲ್ಲ ನೀರು ಕೊಡುವ ದೊಡ್ಡ ಕೊಳವೆಗೆ ಕೆಂಪು ಗೀಟು, ಹೆದ್ದಾರಿ ಕಚೇರಿಗೂ ಕೆಂಪು ಗೀಟು. ಗೀಟಿಲ್ಲದ ಜಾಗದಲ್ಲಿ ರಸ್ತೆಗೆ ದಾರಿ ಹುಡುಕಬೇಕು. ಗೀಟಿಲ್ಲದೆ ಉಳಿದದ್ದು ಅಂಗಡಿಗಳ ಸಾಲು.

ಆ ಸಾಲಿನಲ್ಲಿ ಅಣ್ಣನ ಅಂಗಡಿ ಇದೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಕುರ್ಚಿ ಎಳೆದು ಕೂತಾಗ ಸುತ್ತಲಿನವರು ಕೆಲಸ ಮಾಡುವ ಹಾಗೆ ನಟಿಸುತ್ತ ಒಂದು ಕಣ್ಣನ್ನು ಅವಳ ಮೇಲೆಯೇ ಇಟ್ಟಿದ್ದರು. ನೋಡಿ ಬೇಕಾದರೆ, ಎಂದು ಅವಳು ಹಲ್ಲು ಕಚ್ಚಿದಳು. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಗೆರೆಯನ್ನು ನೇರವಾಗಿ ಅಣ್ಣನ ಅಂಗಡಿಯ ಮೇಲೆಯೇ ಹಾಯಿಸಿದಳು. ಎರಡು ತಿರುವೂ ಉಳಿದವು, ಸ್ವಲ್ಪ ಸಡಿಲವಾದವು. ತಿರುವುಗಳಿಗೆ ತಕ್ಕಂತೆ ಮೇಲ್ಸೇತುವೆಯನ್ನು ಮೊದಲು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ ವಾಲಿಸಿ ಕಟ್ಟಬೇಕಾಯಿತು. ಆದರೂ ನಿಯಮದ ಅಂಚಿನೊಳಗೇ ಇತ್ತು.

ಕಚೇರಿಯಲ್ಲಿ ಎಲ್ಲರ ನಕ್ಷೆ ಪರಿಶೀಲಿಸುವವರು ಒಬ್ಬರು ಹಿರಿಯರಿದ್ದರು. ಹುಡುಕಿ ಹುಡುಕಿ ತಪ್ಪು ತೆಗೆಯುತ್ತಿದ್ದುದರಿಂದ ಬೆನ್ನ ಹಿಂದೆ ಅವರ ಹೆಸರು ತಪ್ಪಣ್ಣ. ಅವರು ಗೆರೆಯಕ್ಕನ ನಕ್ಷೆಯನ್ನು ಮೂಗಿನ ತುದಿಯ ಕನ್ನಡಕದಿಂದ ಬಹಳ ಹೊತ್ತು ನೋಡಿದರು.

“ತಪ್ಪಿಲ್ಲ” ಎಂದರು ಕೊನೆಗೆ, ಯಾರೋ ಕೈಯಲ್ಲಿದ್ದ ತಿಂಡಿ ಕಸಿದುಕೊಂಡ ಹಾಗೆ ಮುಖ ಮಾಡಿ. “ಚೆನ್ನಾಗೂ ಇಲ್ಲ.”

“ತಪ್ಪಿಲ್ಲ ಅಂದ್ರಲ್ಲ ಸರ್, ಸಾಕು.”

ಅಂದು ಮನೆಯಲ್ಲಿ ಗಂಡನಿಗೆ ಹೇಳಿದಳು. ಗಂಡ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಮೆದು ಮಾತಿನವನು. ಒಗೆದ ಬಟ್ಟೆ ಮಡಚುತ್ತಿದ್ದವನು ಕೈ ನಿಲ್ಲಿಸಿದ. “ಅಲ್ವೇ, ನಿನ್ನ ಮೇಲೆ ಯಾರಿಗೂ ಅನುಮಾನ ಬರಬಾರದು ಅಂತ ನಿಮ್ಮಣ್ಣನ ಮೇಲೆ ರಸ್ತೆ ಹಾಯಿಸಿದ್ಯಾ?”

“ಏನ್ ಮಾತಾಡ್ತೀರಾ? ಬೇರೆ ಜಾಗ ಇಲ್ಲ ಅಲ್ಲಿ” ಎಂದು ಅವಳು ಸಿಡುಕಿದಳು. ಅವನು ಮತ್ತೆ ಬಟ್ಟೆ ಮಡಚತೊಡಗಿದ. ಅವಳಿಗೆ ಮಾತ್ರ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡಿತು.

ನೋಟೀಸು ಹೋಗುವ ಮೊದಲು ಅಣ್ಣನಿಗೆ ತಾನೇ ಹೇಳಬೇಕೆಂದು ರಸ್ತೆ ದಾಟಿದಳು. ಅಣ್ಣ ಒಂದು ಕಬ್ಬಿಣದ ದಂಡ ಕಡೆಯುತ್ತಿದ್ದ. ತಂಗಿಯ ಮುಖ ನೋಡಿ ಮಿಷನ್ನು ನಿಲ್ಲಿಸಿದ. ಅವಳು ನಿಂತೇ ಹೇಳಿ ಮುಗಿಸಿದಳು.

“ಗೆರೆ ನೀನೇ ಎಳೆದ್ಯಾ?” ಅಣ್ಣ ಕೇಳಿದ್ದು ಅಷ್ಟೇ.

“ಹೌದಣ್ಣ.”

“ಬೇರೆ ದಾರಿ ಇಲ್ವಾ?”

“ಇಲ್ಲ.”

“ಸರಿ ಬಿಡು ಹಾಗಾದ್ರೆ” ಎಂದು ಅಣ್ಣ ಮಿಷನ್ನು ಮತ್ತೆ ಶುರು ಮಾಡಿದ.

ಸರಿ ಬಿಡದವಳು ಅತ್ತಿಗೆ. ಹಿಂದಿನ ಕೋಣೆಯಿಂದ ಕೈ ಒರೆಸುತ್ತ ಬಂದವಳು ಬಾಗಿಲಲ್ಲೇ ನಿಂತಳು. “ಲೋಕದಲ್ಲೆಲ್ಲ ಜನ ತಮ್ಮವರ ಮನೆ ಉಳಿಸೋಕೆ ರಸ್ತೆ ಬಗ್ಗಿಸ್ತಾರಂತೆ. ನಮ್ಮನೆಯವಳು ನೋಡು, ನೆಟ್ಟಗೆ ನಮ್ಮ ಎದೆ ಮೇಲೇ ಹಾಕಿದಾಳೆ. ನಿನ್ನ ಒಳ್ಳೆ ಹೆಸರಿಗೆ ನಮ್ಮ ಅಂಗಡೀನೇ ಬೇಕಾಗಿತ್ತಾ?”

“ಅತ್ತಿಗೆ, ಹಾಗಲ್ಲ...”

“ನನ್ನ ಜೊತೆ ಮಾತಾಡಬೇಡ.” ಅಂದಿನಿಂದ ಅತ್ತಿಗೆ ಮಾತು ಬಿಟ್ಟಳು. ಗೆರೆಯಕ್ಕ ರಸ್ತೆ ದಾಟುವುದನ್ನು ಬಿಟ್ಟಳು.

ಮಳೆಗಾಲ ಕಳೆಯಿತು. ನಕ್ಷೆ ಮೇಜಿನಿಂದ ಮೇಜಿಗೆ ಹೋಗಿ ಬಂತು. ಜನರ ಅಭಿಪ್ರಾಯ ಕೇಳುವ ಸಭೆಗೆ ಇನ್ನೊಂದು ವಾರ ಇರುವಾಗ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಅತ್ತಿಗೆಯ ಫೋನು ಬಂತು. ಕಚೇರಿಯಲ್ಲಿ ಮಾತಾಡುವುದು ಬೇಡವೆಂದು ಗೆರೆಯಕ್ಕ ಫೋನು ಕಿವಿಗಿಟ್ಟುಕೊಂಡೇ ತಾರಸಿಗೆ ಓಡಿದಳು.

“ಬೈಯೋಕೆ ಮಾಡಿಲ್ಲ” ಎಂದಳು ಅತ್ತಿಗೆ. ಅವಳ ದನಿ ಇಳಿದಿತ್ತು. “ನಿಮ್ಮಣ್ಣ ಕೆಲಸ ತಗೊಳ್ತಾ ಇಲ್ಲ. ಮಿಷನ್ ಮೇಲೆ ಕೈ ಇಟ್ಕೊಂಡು ಸುಮ್ನೆ ಕೂತಿರ್ತಾರೆ. ಕೇಳಿದ್ರೆ ಏನಿಲ್ಲ ಅಂತಾರೆ. ನಿನಗೆ ಗೊತ್ತಿರಲಿ ಅಂತ ಹೇಳಿದೆ.” ಅಷ್ಟು ಹೇಳಿ ಇಟ್ಟಳು.

ಗೆರೆಯಕ್ಕ ಕಟ್ಟೆಗೋಡೆಯ ಬಳಿ ಹೋಗಿ ಅಂಗಡಿಯ ಕಡೆ ನೋಡಿದಳು. ಬಾಗಿಲು ಅರ್ಧ ಎಳೆದಿತ್ತು. ಕಣ್ಣು ತುಂಬಿ ಬಂತು. ಅಳುವುದನ್ನು ಯಾರಾದರೂ ನೋಡಿಯಾರು ಎಂದು ಮುಖ ಬೇರೆ ಕಡೆ, ಆಸ್ಪತ್ರೆಯ ಕಡೆ ತಿರುಗಿಸಿದಳು. ಆ ಕಡೆಯಿಂದ ಹೆದ್ದಾರಿ ನೆಟ್ಟಗೆ ಅವಳ ಕಡೆಗೇ ಬರುತ್ತಿತ್ತು. ಒಂದು ಲಾರಿ ದೂರದಲ್ಲಿ ಚಿಕ್ಕದಾಗಿ ಕಂಡು, ದೊಡ್ಡದಾಗುತ್ತ, ಅವಳು ನಿಂತಿದ್ದ ಕಟ್ಟಡಕ್ಕೆ ಗುದ್ದಿಯೇಬಿಡುತ್ತದೆ ಅನ್ನುವಾಗ ಸರಕ್ಕನೆ ಬಲಕ್ಕೆ ಹೊರಳಿತು.

ಅವಳು ಕಣ್ಣೊರೆಸಿಕೊಂಡು ಹಿಂದಕ್ಕೆ ತಿರುಗಿದಳು. ಮಾರುಕಟ್ಟೆಯ ಕಡೆಯಿಂದ ಒಂದು ಬಸ್ಸು ಬರುತ್ತಿತ್ತು. ಅದೂ ನೆಟ್ಟಗೆ ಅವಳ ಕಡೆಗೇ ಬಂದು, ಕೊನೆ ಗಳಿಗೆಯಲ್ಲಿ ಹೊರಳಿಕೊಂಡಿತು.

ಎರಡೂ ಕಡೆಯ ರಸ್ತೆಗಳು ಬರಲು ಬಯಸುತ್ತಿದ್ದದ್ದು ಇಲ್ಲಿಗೆ, ಅವಳ ಕಾಲ ಕೆಳಗಿನ ಈ ಕಟ್ಟಡಕ್ಕೆ. ಇದೊಂದು ಇಲ್ಲದಿದ್ದರೆ ಎರಡು ತಿರುವು ಯಾಕೆ, ಒಂದೇ ಒಂದು ಹದವಾದ ಬಾಗು ಸಾಕು. ಎಲ್ಲಿಂದಲೋ ಬಂದ ರಸ್ತೆಗೆ ಅಡ್ಡ ಕೂತಿದ್ದದ್ದು ರಸ್ತೆ ಕಚೇರಿಯೇ. ಇಷ್ಟು ಕಾಲ, ಇಷ್ಟು ಜನ ಎಂಜಿನಿಯರರು, ಆ ತಿರುವನ್ನು ಸರಿಪಡಿಸುವುದು ಹೇಗೆಂದು ಆ ತಿರುವಿನ ಕಾರಣದೊಳಗೇ ಕೂತು ತಲೆ ಕೆಡಿಸಿಕೊಂಡಿದ್ದರು. ಅವಳಿಗೆ ನಗು ಬಂತು, ನರ್ಸಿನ ನೆನಪಾಗಿ ನಗು ಸತ್ತಿತು.

ಊಟ ಡಬ್ಬಿಯಲ್ಲೇ ಉಳಿಯಿತು. ಅವಳು ಕಂಪ್ಯೂಟರಿನ ಮುಂದೆ ಕೂತು ಆಸ್ಪತ್ರೆ, ಶಾಲೆ, ನೀರಿನ ಕೊಳವೆ ಬಿಟ್ಟು ಉಳಿದ ಕಟ್ಟಡಗಳನ್ನೆಲ್ಲ, ಹಳೆಯ ತಿರುವನ್ನೂ, ನಕ್ಷೆಯಿಂದ ಮರೆಮಾಡಿದಳು. ಎರಡು ನೆಟ್ಟನೆ ರಸ್ತೆಗಳು, ನಡುವೆ ಖಾಲಿ ಜಾಗ. ಕೈ ತಾನಾಗಿ ಒಂದು ಬಾಗು ಎಳೆಯಿತು. ಮೇಲ್ಸೇತುವೆ ಒಂದೇ ಕಡೆಗೆ ವಾಲಿದರೆ ಸಾಕು. ಲಾರಿಗಳು ಹೊರಳಾಡಬೇಕಿಲ್ಲ. ಎಷ್ಟು ಸುಲಭವಾಗಿ ಬಂತೆಂದರೆ ಅವಳಿಗೆ ಭಯವಾಯಿತು. ಇದು ತಲೆ ಎಳೆದ ಗೆರೆಯೋ, ಕರುಳು ಎಳೆದದ್ದೋ? ಅಣ್ಣನ ಅಂಗಡಿ ಉಳಿಯಲಿ ಎಂಬ ಆಸೆ ಬೆರಳಿಗೆ ಇಳಿದಿರಬಹುದಲ್ಲ. ಒಂದು ಸಲ ಮುಲಾಜಿಲ್ಲದವಳು ಎನಿಸಿಕೊಳ್ಳಲು ಹೋಗಿ ಮೋಸ ಹೋಗಿದ್ದಳು, ಈಗ ಮುಲಾಜಿಗೆ ಬಿದ್ದು ಮೋಸ ಹೋಗಬಾರದು.

ತನ್ನ ಗೆರೆಯನ್ನು ಅಳಿಸಿ, ಖಾಲಿ ನಕ್ಷೆಯನ್ನು ಮುದ್ರಿಸಿಕೊಂಡು ತಪ್ಪಣ್ಣನ ಮೇಜಿಗೆ ಹೋದಳು.

“ಸರ್, ಈ ಎರಡು ರಸ್ತೆ ಸೇರಿಸಿ ಕೊಡಿ. ಆಸ್ಪತ್ರೆ, ಶಾಲೆ, ಕೊಳವೆ ಮುಟ್ಟಬೇಡಿ. ಬೇರೆ ಏನಿದೆ ಅಂತ ಯೋಚ್ನೆ ಮಾಡಬೇಡಿ. ನಿಮಗೆ ಯಾವುದು ಸರಿ ಅನ್ಸತ್ತೋ ಅದು.”

“ಇದು ನಮ್ಮ ತಿರುವೇ ಅಲ್ವಾ? ಇದಕ್ಕೆ ನಾನು ಆಗಲೇ ಒಪ್ಪಿಗೆ ಕೊಟ್ಟಾಯ್ತಲ್ಲ.”

“ತಪ್ಪಿಲ್ಲ, ಚೆನ್ನಾಗೂ ಇಲ್ಲ ಅಂದಿದ್ರಿ. ಚೆನ್ನಾಗಿರೋದು ಹೇಗಿರತ್ತೆ ಅಂತ ತೋರ್ಸಿ.”

ತಪ್ಪಣ್ಣನಿಗೆ ಇಂಥ ಸವಾಲೆಂದರೆ ಹಸಿದವನ ಮುಂದೆ ಎಲೆ ಹಾಕಿದ ಹಾಗೆ. ಮರುದಿನ ಮಧ್ಯಾಹ್ನ ಹಾಳೆ ಹಿಡಿದು ಬಂದರು. ಗೆರೆಯಕ್ಕನ ಬೆರಳು ಎಳೆದಿದ್ದ ಬಾಗೇ ಅದು, ಹೆಚ್ಚು ಕಡಿಮೆ ಕೂದಲೆಳೆಯಷ್ಟು ವ್ಯತ್ಯಾಸ. ಅವಳು ಕಂಪ್ಯೂಟರಿನಲ್ಲಿ ಆ ಗೆರೆ ಹಾಕಿ, ಮರೆಮಾಡಿದ್ದ ಕಟ್ಟಡಗಳನ್ನೆಲ್ಲ ಒಂದೊಂದಾಗಿ ವಾಪಸು ತಂದಳು. ಕೊನೆಗೆ ಕೆಂಪು ಗೀಟಿನ ಕಚೇರಿ ಬಂತು.

ತಪ್ಪಣ್ಣ ಕನ್ನಡಕ ಮೇಲಕ್ಕೇರಿಸಿದರು. “ಇದು... ನಮ್ಮ ಹಾಲ್ ಅಲ್ವಾ? ಈ ಮೂಲೇಲಿ ಇರೋದು ನನ್ನ ಮೇಜು!”

“ಹೌದು ಸರ್.”

“ನನ್ನ ಮೇಜಿನ ಮೇಲೇ ನಾನೇ ರಸ್ತೆ ಎಳ್ಕೊಂಡ್ನಾ?” ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಅವರು ನಕ್ಕರು. ಅವರು ನಕ್ಕದ್ದನ್ನು ಆ ಕಚೇರಿ ಹಿಂದೆಂದೂ ಕಂಡಿರಲಿಲ್ಲ. ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು, “ಮೇಡಂ, ಇದರಲ್ಲಿ ನಿಮ್ಮಣ್ಣನ ಅಂಗಡಿ ಉಳಿಯತ್ತೆ, ಅಲ್ವಾ?”

“ಉಳಿಯತ್ತೆ. ಅದಕ್ಕೇ ನಿಮ್ಮ ಹತ್ರ ಎಳೆಸಿದ್ದು.”

ತಪ್ಪಣ್ಣ ಅವಳನ್ನು ದಿಟ್ಟಿಸಿ ನೋಡಿ, ಹಾಳೆಯ ಮೂಲೆಯಲ್ಲಿ ತಮ್ಮ ಸಹಿ ಹಾಕಿದರು.

ದೊಡ್ಡ ಸಾಹೇಬರು, ಅಂದರೆ ಕಚೇರಿಯ ಮುಖ್ಯಸ್ಥರು, ಸುಲಭಕ್ಕೆ ಬಗ್ಗಲಿಲ್ಲ. ಅವರ ಕೋಣೆಯ ಕಿಟಕಿಯಲ್ಲಿ ಸಾಲಾಗಿ ಹೂವಿನ ಕುಂಡಗಳು. ಅವಕ್ಕೆ ತಾವೇ ನೀರು ಹಾಕುತ್ತಿದ್ದರು. ನಕ್ಷೆ ನೋಡಿದವರು ಹೂಜಿ ಕೆಳಗಿಟ್ಟರು.

“ತಮಾಷೆನಾ? ನಮ್ಮ ಕಚೇರಿ ನಾವೇ ಒಡಿಯೋದಾ? ಮುಂದಿನ ವಾರ ಸಭೆ. ಮೇಲಿನವರೆಲ್ಲ ಹಳೇ ನಕ್ಷೆ ಒಪ್ಪಿದಾರೆ. ಅದೂ ಅಲ್ಲದೆ ಇದು ಕೆಂಪು ಗೀಟಿನ ಕಟ್ಟಡ.”

“ಆ ಗೀಟು ಯಾರು ಹಾಕಿದ್ದು ಸರ್?”

“ಯಾರೋ ಹಾಕಿದಾರೆ. ಮೊದಲಿಂದ ಇದೆ.”

“ಈ ನಕ್ಷೇಲಿ ಹಾಕಿದ್ದು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೇ ನಕ್ಷೆ ನೋಡ್ಕೊಂಡು ನಕಲು ಮಾಡಿದ್ದು. ಅದಕ್ಕೂ ಮೊದಲಿನವರು ಅದಕ್ಕೂ ಹಳೇದನ್ನ ನೋಡಿ ಮಾಡಿದ್ದು. ಆಸ್ಪತ್ರೇಲಿ ರೋಗಿಗಳಿದಾರೆ, ಶಾಲೇಲಿ ಮಕ್ಕಳಿದಾರೆ. ಇಲ್ಲಿ ಇರೋದು ನಾವು ಸರ್. ನಾವು ಎಲ್ಲಿ ಬೇಕಾದ್ರೂ ಕೂತು ಗೆರೆ ಎಳೀಬಹುದು.”

ಸಾಹೇಬರು ಕುಂಡವೊಂದರ ಒಣಗಿದ ಎಲೆ ಕಿತ್ತರು. “ಸಭೇಲಿ ಎರಡೂ ಗೆರೆ ತೋರ್ಸಿ” ಎಂದರು ಕೊನೆಗೆ. “ಜನ ಏನಂತಾರೋ ನೋಡೋಣ. ಆದ್ರೆ ನಿಮ್ಮಣ್ಣನ ವಿಷಯ ನೀವಾಗೇ ಎತ್ತಬೇಡಿ. ಯಾರಾದ್ರೂ ಕೇಳಿದ್ರೆ ನೋಡ್ಕೊಳ್ಳೋಣ.”

“ಇಲ್ಲ ಸರ್. ಅದನ್ನೇ ಮೊದಲು ಹೇಳ್ತೀನಿ.”

“ಕೆಟ್ಟ ಹೆಸರು ಬರತ್ತೆ ನಿಮಗೆ.”

“ಒಳ್ಳೆ ಹೆಸರು ಉಳಿಸ್ಕೊಳ್ಳೋಕೆ ಹೋಗೇ ಇಷ್ಟೆಲ್ಲ ಆಗಿದ್ದು” ಎಂದು ಅವಳು ನಕ್ಷೆ ಸುತ್ತಿಕೊಂಡು ಹೊರಟಳು.

ಸಭೆ ಶಾಲೆಯ ಹಾಲಿನಲ್ಲಿ. ಬೆಂಚುಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅಂಗಡಿ ಸಾಲಿನವರೆಲ್ಲ ಬಂದಿದ್ದರು, ಅಣ್ಣ ಬಂದಿರಲಿಲ್ಲ. ಗೆರೆಯಕ್ಕ ಪರದೆಯ ಮೇಲೆ ಎರಡೂ ಗೆರೆ ಹಾಕಿ, ನೀರು ಕುಡಿದು, ಮೈಕು ಹಿಡಿದಳು.

“ಮೊದಲ್ನೇ ಗೆರೆಯಲ್ಲಿ ಎದುರಿನ ಅಂಗಡಿಗಳು ಹೋಗ್ತವೆ. ಎರಡನೇದರಲ್ಲಿ ನಮ್ಮ ಕಚೇರಿ ಹೋಗತ್ತೆ, ಅಂಗಡಿಗಳು ಉಳೀತವೆ. ಆ ಅಂಗಡಿಗಳಲ್ಲಿ ಒಂದು ನನ್ನ ಸ್ವಂತ ಅಣ್ಣನದು. ಇದು ನಿಮಗೆ ಗೊತ್ತಿರಬೇಕು.”

ಹಾಲಿನಲ್ಲಿ ಗುಜುಗುಜು ಎದ್ದಿತು. “ಹಾಗ್ ಹೇಳಿ ಮತ್ತೆ!” ಎಂದು ಹಿಂದಿನಿಂದ ಯಾರೋ ಕೂಗಿದರು. “ಅಣ್ಣನ ಅಂಗಡಿ ಉಳಿಸೋಕೆ ಎರಡನೇ ಗೆರೆ ಹುಟ್ಟಿದೆ!” ಕೆಲವರು ಚಪ್ಪಾಳೆ ತಟ್ಟಿದರು. ಅವಳು ಮೈಕು ಬಿಡಲಿಲ್ಲ.

ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದಳು. ಸತ್ತ ನರ್ಸಿನ ತಾಯಿ. ಎಲ್ಲರಿಗೂ ಗುರುತಿತ್ತು. ಗದ್ದಲ ತಾನಾಗಿ ನಿಂತಿತು.

“ನನಗೆ ನಕ್ಷೆ ಗಿಕ್ಷೆ ಅರ್ಥ ಆಗಲ್ಲಮ್ಮ” ಎಂದಳು ಆಕೆ. “ಯಾವ ಗೆರೆ ಹಾಕಿದ್ರೆ ಲಾರಿ ಮಗುಚಲ್ಲ? ಅಷ್ಟು ಹೇಳು.”

“ಎರಡನೇದಮ್ಮ. ಮಗುಚೋದೇ ಇಲ್ಲ ಅಂತ ಯಾವ ರಸ್ತೆಗೂ ಹೇಳೋಕಾಗಲ್ಲ. ಆದ್ರೆ ಅದರಲ್ಲಿ ನಿಮ್ಮ ಮಗಳು ಹೋದ ಆ ತಿರುವು ಇರಲ್ಲ.”

“ಮತ್ತೆ ಮೊದಲ್ನೇದು ಯಾಕೆ ಎಳೆದೆ?”

ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂತು. “ನಮ್ಮ ಕಚೇರೀನ ಒಡೀಬಹುದು ಅಂತ ನಮ್ಮಲ್ಲಿ ಯಾರಿಗೂ ಹೊಳೀಲಿಲ್ಲಮ್ಮ. ನನಗೂ ಹೊಳೀಲಿಲ್ಲ. ಅಂಗಡಿ ಕಡೆ ಗೆರೆ ಹೋಗದೇ ಇದ್ರೆ ಅಣ್ಣನಿಗೋಸ್ಕರ ಮಾಡಿದ್ಲು ಅಂತ ಜನ ಆಡ್ಕೋತಾರೆ ಅಂತ ಹೆದರಿದೆ. ಹೆದರಿಕೆಗೆ ಬೇರೆ ಕಡೆ ನೋಡಲೇ ಇಲ್ಲ.”

ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು, ತಪ್ಪಣ್ಣ ಎದ್ದಿದ್ದರು. “ಎರಡನೇ ಗೆರೆ ಎಳೆದಿದ್ದು ನಾನು. ನನಗೆ ಆ ಸಾಲಿನಲ್ಲಿ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಹೋಗೋ ಮೇಜು ಮಾತ್ರ ನನ್ನದು” ಎಂದು ಕೂತರು. ಎಲ್ಲೋ ಒಬ್ಬರು ನಕ್ಕರು, ಆ ನಗು ಹಾಲಿನ ತುಂಬ ಹರಡಿತು. ನರ್ಸಿನ ತಾಯಿ ನಗಲಿಲ್ಲ. ಸಾಹೇಬರ ಕಡೆ ತಿರುಗಿ, ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.

ದೊಡ್ಡ ಸಾಹೇಬರು ಆಕೆಯನ್ನು ನೋಡಿದರು, ಪರದೆಯನ್ನು ನೋಡಿದರು, ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. “ಮೊದಲ್ನೇ ನಕ್ಷೆ ವಾಪಸ್ ತಗೊಳ್ತೀವಿ. ಎರಡನೇದನ್ನ ನಾನೇ ಸಹಿ ಹಾಕಿ ಕಳಿಸ್ತೀನಿ” ಎಂದರು. ಆಗ ಆಕೆ ಕೂತಳು.

ಸಭೆ ಮುಗಿದದ್ದೇ ಗೆರೆಯಕ್ಕ ಯಾರ ಮಾತಿಗೂ ನಿಲ್ಲದೆ ಹೊರಟಳು. ಸಂಜೆಯ ವಾಹನಗಳ ನಡುವೆ ಕೈ ಅಡ್ಡ ಹಿಡಿದು ಹೆದ್ದಾರಿ ದಾಟಿದಳು. ಎಷ್ಟು ತಿಂಗಳ ಮೇಲೆ ದಾಟುತ್ತಿದ್ದಳೋ. ಅಣ್ಣನ ಮುಖ ಅರಳುವುದನ್ನು ನೋಡಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಅರ್ಧ ಎಳೆದ ಬಾಗಿಲಿನಡಿ ತಲೆ ತಗ್ಗಿಸಿ ಒಳಗೆ ಹೋದಳು.

ಮಿಷನ್ನು ಪೀಠದ ಮೇಲಿರಲಿಲ್ಲ. ಚಾವಣಿಯ ತೊಲೆಯಿಂದ ಇಳಿಬಿಟ್ಟ, ಭಾರ ಎತ್ತುವ ಚೈನ್ ಪುಲ್ಲಿಗೆ ಜೋತು, ಪಕ್ಕದ ಮರದ ದಿಮ್ಮಿಗಳ ಮೇಲೆ ಅರ್ಧ ಕೂತು ಅರ್ಧ ನೇತಾಡುತ್ತಿತ್ತು. ಅಪ್ಪ ಬಿಗಿದಿದ್ದ ಬೋಲ್ಟುಗಳು ಎಣ್ಣೆಯ ತಟ್ಟೆಯಲ್ಲಿ ಸಾಲಾಗಿ ಮಲಗಿದ್ದವು. ಪೀಠದ ಮೇಲೆ, ಮಿಷನ್ನು ಇದ್ದ ಜಾಗದಲ್ಲಿ, ಬೆಳಕೇ ಕಾಣದ ಕಾಂಕ್ರೀಟು ಬೆಳ್ಳಗಿತ್ತು. ಅಣ್ಣ ಬೆವರಿನಲ್ಲಿ ತೊಯ್ದು ನೆಲದ ಮೇಲೆ ಕೂತಿದ್ದ.

“ಅಣ್ಣಾ! ಏನಿದು?”

“ಬೆಳಿಗ್ಗೆಯಿಂದ ಶುರು ಮಾಡಿದೆ” ಎಂದ ಅಣ್ಣ. “ಅವರು ಬಂದು ಕೀಳೋವಾಗ ಪೆಟ್ಟಾದ್ರೆ ಕಷ್ಟ. ನಾನೇ ತೆಗೆದಿಟ್ರೆ ವಾಸಿ ಅಂತ.”

“ಇಷ್ಟು ಬೇಗ ಯಾಕಣ್ಣ? ತಕರಾರು ಹೇಳಬಹುದಿತ್ತು. ಇಡೀ ಬೀದಿ ಬಂದಿತ್ತು ಇವತ್ತು, ನೀನೊಬ್ಬನೇ ಬರಲಿಲ್ಲ.”

ಅಣ್ಣನಿಗೆ ಅವಳ ಪ್ರಶ್ನೆಯೇ ಅರ್ಥವಾಗಲಿಲ್ಲ. “ತಕರಾರು ಯಾಕೆ ಹೇಳ್ಲಿ? ಗೆರೆ ಎಳೆದಿದ್ದು ನೀನಲ್ವಾ?”

ಅಣ್ಣ ಕೋಪ ನುಂಗಿಕೊಂಡು ಸುಮ್ಮನಿದ್ದಾನೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಅವನಿಗೆ ಕೋಪವೇ ಇರಲಿಲ್ಲ. ತಂಗಿ ಇಲ್ಲ ಎಂದರೆ ಬೇರೆ ದಾರಿ ಇಲ್ಲ, ಅಷ್ಟೇ. ಅವಳು ಅಪ್ಪನ ಸ್ಟೂಲಿನ ಮೇಲೆ ಕುಸಿದಳು.

“ಗೆರೆ ತಪ್ಪಾಗಿತ್ತಣ್ಣ” ಎಂದಳು. “ಬೇರೆ ದಾರಿ ಇತ್ತು. ನಾನು ನೋಡಿರಲಿಲ್ಲ. ಅಂಗಡಿ ಹೋಗಲ್ಲ. ನಮ್ಮ ಆಫೀಸೇ ಹೋಗತ್ತೆ.” ಆಮೇಲೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಅಣ್ಣ ಅವಳನ್ನು ನೋಡಿದ, ನೇತಾಡುವ ಮಿಷನ್ನನ್ನು ನೋಡಿದ, ಬೋಲ್ಟುಗಳನ್ನು ನೋಡಿದ. “ಈ ಮಾತು ನಿನ್ನೆ ಹೇಳಬಾರದಾಗಿತ್ತಾ?” ಎಂದು ಸೊಂಟ ಹಿಡಿದುಕೊಂಡು ಎದ್ದ. “ಬೆನ್ನು ಬಿದ್ದುಹೋಯ್ತು ನನ್ನದು. ಏಳು, ಸುಮ್ನೆ ಅಳಬೇಡ. ವಾಪಸ್ ಕೂರಿಸ್ಬೇಕಲ್ಲ.”

ಹಿಂದಿನ ಕೋಣೆಯ ಬಾಗಿಲಲ್ಲಿ ಅತ್ತಿಗೆ ಎಲ್ಲವನ್ನೂ ಕೇಳುತ್ತ ನಿಂತಿದ್ದಳು. ಒಳಗೆ ಹೋಗಿ, ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಅಪ್ಪನ ರಸಮಟ್ಟ ತಂದು ಗೆರೆಯಕ್ಕನ ಮುಂದೆ ಚಾಚಿದಳು.

“ಹಿಡಿ” ಎಂದಳು. “ಈ ಸಲ ಎಲ್ಲಾ ಕಡೆ ನೋಡು.”

ಅಣ್ಣ ಸರಪಳಿ ಎಳೆದ. ಮಿಷನ್ನು ನಿಧಾನಕ್ಕೆ ಪೀಠದ ಮೇಲಕ್ಕೆ ಬಂದು ಇಳಿಯಿತು. ಗೆರೆಯಕ್ಕ ಮಂಡಿಯೂರಿ ರಸಮಟ್ಟವನ್ನು ಅಡ್ಡಕ್ಕಿಟ್ಟು ನೋಡಿದಳು, ಉದ್ದಕ್ಕಿಟ್ಟು ನೋಡಿದಳು. ಒಂದು ಮೂಲೆಗೆ ತಗಡಿನ ಚೂರು ಹಾಕಿಸಿದಳು, ತೆಗೆಸಿದಳು, ತೆಳ್ಳನೆಯದೊಂದು ಹಾಕಿಸಿದಳು. ಗುಳ್ಳೆ ಜರುಗಿ ಜರುಗಿ ನಡುವಿನ ಹತ್ತಿರ ಬಂದು ನಿಂತಿತು.

“ಸರಿ ಬಂತಾ?” ಅಣ್ಣ ಕೇಳಿದ.

ಅವಳು ಕಣ್ಣೊರೆಸಿಕೊಂಡು ಇನ್ನೊಂದು ಕಡೆಯಿಂದ ಬಗ್ಗಿ ನೋಡಿದಳು. “ಇಲ್ಲಣ್ಣ. ಇನ್ನೊಂದು ಸಲ ಎತ್ತು.”

ಅಣ್ಣ ಏನೂ ಕೇಳದೆ ಸರಪಳಿಗೆ ಕೈ ಹಾಕಿದ.